ಇಲ್ಲದ ಆಸ್ಪತ್ರೆಯ ಮೆಟ್ಟಿಲು

ಫೆಬ್ರವರಿ ಮೊದಲ ವಾರ ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡಿನ ಲಾಂಗಿಯರ್‌ಬಿಯನ್‌ನಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಆಕಾಶ ನೋಡಿದರೆ ಮುಸ್ಸಂಜೆ. ಹಿಮನದಿಗಳ ಬಗ್ಗೆ ಒಂದು ಕೋರ್ಸಿಗೆ ಹೋಗಿದ್ದೆ. 1920ರ ಒಪ್ಪಂದದ ಪ್ರಕಾರ ಈ ದ್ವೀಪಗಳಲ್ಲಿರಲು ಯಾರಿಗೂ ವೀಸಾ ಬೇಡ ಎಂದು ಓದಿ ಹಿಗ್ಗಿದ್ದೆ. ಆದರೆ ವಿಮಾನ ಹೋಗುವುದು ನಾರ್ವೆಯ ಮುಖ್ಯ ನೆಲದ ಮೂಲಕ, ಹಾಗಾಗಿ ನಮ್ಮಂಥವರಿಗೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗನ್ ವೀಸಾ ಬೇಕೇ ಬೇಕು, ಅದೂ ಎರಡು ಸಲ ಒಳಹೋಗುವಂಥದ್ದು. ಹಿಗ್ಗು ಅಲ್ಲಿಗೇ ಇಳಿಯಿತು.

ವಸತಿಗೃಹದ ಬಾಗಿಲಲ್ಲೇ ಬೂಟು ಬಿಚ್ಚಿಸಿದರು. ಹೋಟೆಲು, ಮ್ಯೂಸಿಯಮ್ಮಿನಲ್ಲೂ ಇದೇ ರೂಢಿ. ಗಣಿ ಕೆಲಸಗಾರರ ಕಾಲಿನ ಕಲ್ಲಿದ್ದಲ ಮಸಿ ಒಳಗೆ ಬಾರದಿರಲೆಂದು ಶುರುವಾದದ್ದಂತೆ. ಜಗಲಿಯಲ್ಲಿ ಚಪ್ಪಲಿ ಬಿಟ್ಟೇ ಬೆಳೆದವನಿಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು! ಮೊದಲ ದಿನವಿಡೀ ಬಲಗಾಲಿನಿಂದ ಅದನ್ನು ಮುಚ್ಚಿಕೊಂಡೇ ನಿಂತಿದ್ದೆ.

ಕೋರ್ಸಿನ ಮೊದಲ ಪಾಠ ಹಿಮನದಿಯದ್ದಲ್ಲ, ಕೋವಿ ಹಿಡಿಯುವುದು. ಊರಂಚಿನ ಹಿಮಕರಡಿ ಎಚ್ಚರಿಕೆಯ ಫಲಕ ದಾಟಿದರೆ ಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಕಡ್ಡಾಯ, ಕೋವಿಯೂ ಜೊತೆಗಿರಲಿ ಎನ್ನುತ್ತಾರೆ.

ಊರಿರುವುದು 78 ಡಿಗ್ರಿ ಉತ್ತರದಲ್ಲಿ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಫೆಬ್ರವರಿ ಮಧ್ಯಕ್ಕೆ ದಿಗಂತ ದಾಟುತ್ತಾನೆ, ಆದರೆ ಕಣಿವೆಯೊಳಗಿನ ಊರಿಗೆ ಬೆಟ್ಟ ಅಡ್ಡ. ಎದುರಿನ ಬೆಟ್ಟದ ನೆತ್ತಿ ಮೊದಲು ಗುಲಾಬಿಯಾಗುತ್ತದೆ. ಆ ಬಣ್ಣ ದಿನಾ ಒಂದಿಷ್ಟು ಕೆಳಗಿಳಿಯುತ್ತದೆ. ನಾವು ನೆರಳಲ್ಲಿ ನಿಂತು ಅದನ್ನೇ ನೋಡುತ್ತಿರಬೇಕು. ಕೊನೆಗೆ ಮಾರ್ಚ್ 8ರ ಸುಮಾರಿಗೆ ಹಳೇ ಆಸ್ಪತ್ರೆಯ ಮೆಟ್ಟಿಲಿಗೆ ಬಿಸಿಲು ಮುಟ್ಟಿದರೆ ಊರಿಗೆ ಸೂರ್ಯ ಬಂದ ಅಂತ ಲೆಕ್ಕ. ಆಸ್ಪತ್ರೆ ಈಗಿಲ್ಲ, ಮೆಟ್ಟಿಲಷ್ಟೇ ಇದೆ.

ಅವತ್ತು ಮಧ್ಯಾಹ್ನ ಊರಿಗೆ ಊರೇ ಅಲ್ಲಿ ನೆರೆದಿತ್ತು. ಮಕ್ಕಳ ಕೆನ್ನೆಯಲ್ಲಿ ಬಣ್ಣದಲ್ಲಿ ಬರೆದ ಹಳದಿ ಸೂರ್ಯ. ನನ್ನ ಗಡ್ಡದ ಮೇಲೆ ಉಸಿರೇ ಹರಳುಗಟ್ಟಿತ್ತು. ಮತ್ತೆ ಬಾ, ಮತ್ತೆ ಬಾ ಎಂದು ಮಕ್ಕಳು ಸೂರ್ಯನನ್ನು ಕೂಗಿದರು. ದಕ್ಷಿಣದ ತುಂಬ ಮೋಡ. ಬರಲೇ ಇಲ್ಲ. ಯಾರ ಮುಖವೂ ಸಪ್ಪಗಾಗಲಿಲ್ಲ. ಚಪ್ಪಾಳೆ ತಟ್ಟಿ ಕಾಫಿ ಕುಡಿಯಲು ಹೊರಟರು. ನನಗೆ ಮಾತ್ರ ಮೋಸವಾದ ಹಾಗಿತ್ತು.

ರಾತ್ರಿ ಊರಿಗೆ ಫೋನ್ ಮಾಡಿದೆ.

"ಬಂದ್ನೇನೋ ಸೂರ್ಯ?"

"ಇಲ್ಲಮ್ಮ, ಮೋಡ."

"ಮತ್ತೆ ಬಟ್ಟೆ ಎಲ್ಲಿ ಒಣಗಿಸ್ತೀಯೋ?"

ಮಲೆನಾಡಿನ ಮಳೆಗಾಲದುದ್ದಕ್ಕೂ ಬಚ್ಚಲೊಲೆ ಮೇಲೆ ಬಟ್ಟೆ ಹರವುವವಳಿಗೆ ಬೇರೇನು ಹೊಳೆದೀತು? ಹೀಟರ್ ಮೇಲಮ್ಮ, ಎಂದೆ.

ಮೂರನೇ ದಿನ ಬೂಟು ಬಿಚ್ಚಿಡುವ ಕೋಣೆಯ ಕಿಟಕಿಯಿಂದ ಅಂಗೈಯಷ್ಟು ಬಿಸಿಲು ನೆಲಕ್ಕೆ ಬಿದ್ದಿತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಆ ಹೆಬ್ಬೆರಳನ್ನು ಅದರೊಳಗಿಟ್ಟೆ.