ಬಚ್ಚಲುಮನೆ ಬಣ್ಣ: ಅಂಟು ಪಟ್ಟಿಯ ಗುಟ್ಟು ಅರಿಶಿನದಲ್ಲಿ ಸಿಕ್ಕಿತು

ನಮ್ಮ ಬಚ್ಚಲ ಗೋಡೆಯಲ್ಲಿ ಗೀಸರ್ ಕೆಳಗೆ ಬಣ್ಣದ ಒಂದು ಪಟ್ಟಿ ಸದಾ ಅಂಟಂಟಾಗಿಯೇ ಇತ್ತು. ಅದು ಯಾಕೆ ಒಣಗುತ್ತಿರಲಿಲ್ಲ ಅಂತ ಹೊಸ ಬಣ್ಣ ಹೊಡೆಯಲು ಹೊರಟಾಗ ಕೊನೆಗೂ ಗೊತ್ತಾಯಿತು! ಮಳೆಯ ತಪ್ಪಲ್ಲ, ಗೀಸರ್ ಶಾಖದ ತಪ್ಪೂ ಅಲ್ಲ. ಅಲ್ಲಿದ್ದದ್ದು ಅರ್ಧ ಬಣ್ಣ, ಅರ್ಧ ಸಾಬೂನು.

ಕೆರೆಯುವುದು, ಪುಟ್ಟಿ, ಉಪ್ಪುಕಾಗದ, ಟೈಲ್ಸ್ ಅಂಚಿಗೆ ಟೇಪ್, ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ಸೂರಿನ ಬೂಷ್ಟನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿ ತೆಗೆದೆ. ಒಂದು ಮಾತು ಮಾತ್ರ ಹೇಳಲೇಬೇಕು: ಬ್ಲೀಚಿಂಗ್ ಬಳಸಿದ ದಿನ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಾಟಲಿಯನ್ನು ಒಳಗೆ ತರಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಚಿಕ್ಕ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಈಗ ಆ ಪಟ್ಟಿಯ ವಿಷಯ. ಇದು ಬಸವನಗುಡಿ ಕಡೆಯ ಹಳೇ ಮನೆ. ನಾವು ಬರುವ ಮುಂಚೆ ಯಾರೋ ಬಿಸಿನೀರಿನ ಪೈಪ್ ಬದಲಿಸಿದ್ದಾರೆ. ಗೋಡೆ ಕೊರೆದು, ಪೈಪ್ ಇಟ್ಟು, ಸಿಮೆಂಟ್ ಗಾರೆ ಮೆತ್ತಿ, ಬಾಡಿಗೆದಾರರು ಬರುತ್ತಾರೆ ಅನ್ನೋ ಅವಸರದಲ್ಲಿ ಮೇಲೆ ಎನಾಮಲ್ ಹೊಡೆಸಿದ್ದಾರೆ. ತೊಳೆಯೋಕೆ ಸುಲಭ ಅಂತ ಬಚ್ಚಲಿಗೆ ಎನಾಮಲ್ ಹೊಡೆಯುವುದು ನಮ್ಮೂರಲ್ಲಿ ಮಾಮೂಲಿ. ನಾಲ್ಕೂ ಗೋಡೆಗೆ ಒಂದೇ ಬಣ್ಣ, ನೋಡಿದರೆ ಒಂದೇ ಡಬ್ಬಿಯದು. ಮೂರು ಗೋಡೆ ಕಲ್ಲಿನ ಹಾಗೆ ಗಟ್ಟಿ. ಪೈಪ್ ಹೋದ ಕಡೆ ಮಾತ್ರ ಅಂಗೈ ಅಗಲದ ಪಟ್ಟಿ, ಬೆರಳಿಟ್ಟರೆ ಅಂಟು. ಅಲ್ಲಲ್ಲಿ ಕಂದು ಬಣ್ಣದ ಹನಿ ಇಳಿದು ಟೈಲ್ಸ್ ಮೇಲೆ ಕಲೆ.

ಬಣ್ಣದಂಗಡಿಯವರು ಹೇಳಿದ್ದು: ‘ಶಾಖಕ್ಕೆ ಹಂಗಾಗುತ್ತೆ ಮೇಡಂ, ಅದರ ಮೇಲೇ ಇನ್ನೊಂದು ಕೋಟ್ ಹೊಡೀರಿ.’ ಪ್ಲಂಬರ್ ಹೇಳಿದ್ದು: ‘ಪೈಪ್ ಲೀಕು, ಒಡೀಬೇಕು.’ ಇಬ್ಬರೂ ಗೋಡೆಯನ್ನು ಮುಟ್ಟಿ ನೋಡಲಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಶಾಖ ಕಾರಣವಾದರೆ ಗೀಸರ್ ಹಿಂದಿನ ಗೋಡೆಯೂ ಅಂಟಬೇಕಿತ್ತು, ಅಲ್ವಾ?

ಮೊದಲು ಲೀಕ್ ಇದೆಯೋ ಇಲ್ಲವೋ ನೋಡಿದೆ. ಪಟ್ಟಿಯ ಒಂದು ತುಂಡಿನಲ್ಲಿ ಬಣ್ಣ ಪೂರ್ತಿ ಹೆರೆದು, ಅಲ್ಯುಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿದೆ. ಫಾಯಿಲ್ ಒಳಮೈಯಲ್ಲಿ ನೀರು ಕಂಡರೆ ತೇವ ಗೋಡೆಯಿಂದ ಬರುತ್ತಿದೆ ಅಂತ. ಹೊರಮೈಯಲ್ಲಿ ಹನಿ ಕಂಡರೆ ಅದು ಸ್ನಾನದ ಹಬೆ. ನನಗೆ ಸಿಕ್ಕಿದ್ದು ಹೊರಗೆ ಹನಿ, ಒಳಗೆ ಒಣ. ಪೈಪ್ ಒಡೆಯುವ ಮಾತು ಅಲ್ಲಿಗೆ ಮುಗಿಯಿತು. ಗಾರೆ ಒಡೆಸುವ ಮುಂಚೆ ದಯವಿಟ್ಟು ಎಲ್ಲರೂ ಇದನ್ನು ಮಾಡಿ ನೋಡಿ.

ಲೀಕ್ ಅಲ್ಲ ಅಂದಮೇಲೆ ಉಳಿದದ್ದು ಆ ಸಿಮೆಂಟ್. ಸಿಮೆಂಟ್ ಗಟ್ಟಿಯಾಗುವಾಗ ಒಳಗೆ ಸುಣ್ಣ ಹುಟ್ಟುತ್ತದೆ. ಸುಣ್ಣ ಅಂದರೆ ಕ್ಷಾರ. ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ, ಶುದ್ಧ ನೀರಿನದು ಏಳು; ಹೊಸ ಗಾರೆಯದು ಹನ್ನೆರಡು ದಾಟುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಆ ಕ್ಷಾರವನ್ನು ಮೇಲಿನಿಂದ ಒಳಕ್ಕೆ ನಿಧಾನವಾಗಿ ಕಳೆಯುತ್ತದೆ. ಹಳೇ ಗೋಡೆಗೆ ಆ ಸಮಯ ಸಿಕ್ಕಿತ್ತು, ಪಟ್ಟಿಗೆ ಸಿಕ್ಕಿರಲಿಲ್ಲ. ಸ್ನಾನದ ಹಬೆಗೆ ಸದಾ ಒದ್ದೆ ಇರುವ ಗಾರೆಯಲ್ಲಿ ಗಾಳಿ ಒಳಗೆ ಹೋಗುವುದೂ ಕಷ್ಟ. ಮೇಲೆ ಬೇರೆ ಎನಾಮಲ್ ಮುಚ್ಚಳ.

ಎನಾಮಲ್ ಅಂದರೆ ಆಲ್ಕಿಡ್ ಅನ್ನೋ ಎಣ್ಣೆ ಸೇರಿದ ರಾಳದ ಬಣ್ಣ. ಎಣ್ಣೆಗೆ ಕ್ಷಾರವೂ ನೀರೂ ಸಿಕ್ಕರೆ ಏನಾಗುತ್ತದೆ? ಸಾಬೂನು. ಹಸಿರು ಮಾರ್ಗದ ಮೆಟ್ರೋದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ದಾಟುತ್ತೀರಲ್ಲ, ಅಂಥ ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡ ಹಾಕಿ ಎಣ್ಣೆಗೆ ಮಾಡುವ ಕೆಲಸವನ್ನೇ ನಮ್ಮ ಗೋಡೆ ಸುಮ್ನೆ ಕೂತು ಬಣ್ಣಕ್ಕೆ ಮಾಡುತ್ತಿತ್ತು.

ಊಹೆ ಚೆನ್ನಾಗಿತ್ತು, ಸಾಕ್ಷಿ ಬೇಕಿತ್ತು. ಪಿಎಚ್ ಕಾಗದ ಆನ್‌ಲೈನಲ್ಲಿ ತರಿಸಿದೆ. ಒಂದರಿಂದ ಹದಿನಾಲ್ಕರವರೆಗಿನದು ಬೇಕು ಅಂತ ನೋಡಿಯೇ ಆರ್ಡರ್ ಮಾಡಿದ್ದು. ಬಂದದ್ದು ಮೂತ್ರ ಪರೀಕ್ಷೆಯದು, ಒಂಬತ್ತಕ್ಕೇ ನಿಂತುಬಿಡುತ್ತದೆ! ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಆ ಮಾರಾಟಗಾರರಿಗೆ ಉದ್ದದ ಮೇಲ್ ಬರೆಯುವಾಗಲೇ ಹೊಳೆದದ್ದು ಅರಿಶಿನ. ಆರತಿ ತಟ್ಟೆಯ ಕೆಂಪು ನೀರು ಅರಿಶಿನಕ್ಕೆ ಸುಣ್ಣ ಹಾಕಿದ್ದೇ ತಾನೇ? ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಪಿಎಚ್ ಕಾಗದ ಡಬ್ಬಿ ತುಂಬ ಅಡುಗೆಮನೆಯಲ್ಲೇ ಇತ್ತು.

ಕಾಫಿ ಫಿಲ್ಟರ್ ಕಾಗದ ಕತ್ತರಿಸಿ, ಸ್ಪಿರಿಟ್‌ನಲ್ಲಿ ಕಲಸಿದ ಅರಿಶಿನದಲ್ಲಿ ಅದ್ದಿ ಒಣಗಿಸಿದೆ. ಹೆರೆದ ಗೋಡೆಗೆ ಸ್ವಲ್ಪ ನೀರು ಹಚ್ಚಿ ಕಾಗದ ಒತ್ತಿ ಹಿಡಿಯಬೇಕು. ಪುಡಿಯನ್ನು ನೇರವಾಗಿ ಗೋಡೆಗೆ ಹಚ್ಚಬೇಡಿ, ಕಲೆ ಹೋಗುವುದಿಲ್ಲ. ಕಾಗದಗಳನ್ನು ಸಾಲಾಗಿ ಅಂಟಿಸಿ ನಿಂತಿದ್ದೆ. ಅಮ್ಮ ಬಾಗಿಲಲ್ಲಿ ಇಣುಕಿ, ‘ಇದೇನೇ, ಗೀಸರ್‌ಗೆ ಅರಿಶಿನ ಇಟ್ಟು ಪೂಜೆ ಮಾಡ್ತಿದೀಯಾ?’ ಅಂದರು. ಅಷ್ಟರಲ್ಲಿ ಪಟ್ಟಿಯ ಮೇಲಿನ ಕಾಗದಗಳು ಕೆಂಪಾದವು. ಪಕ್ಕದ ಹಳೇ ಗೋಡೆಯದು ಹಳದಿಯಾಗಿಯೇ ಉಳಿಯಿತು. ಅಮ್ಮನೂ ಒಳಗೆ ಬಂದು ನೋಡಿ, ‘ಇಲ್ಲೊಂದು ಹಚ್ಚು, ಅಲ್ಲೊಂದು ಹಚ್ಚು’ ಅಂತ ತೋರಿಸತೊಡಗಿದರು. ಕೊರೆದ ಜಾಗ ಎಲ್ಲಿ ಶುರು, ಎಲ್ಲಿ ಕೊನೆ ಅನ್ನೋದು ಗೋಡೆ ಮೇಲೆ ಗೆರೆ ಎಳೆದ ಹಾಗೆ ಸಿಕ್ಕಿತು. ಎಷ್ಟು ಕ್ಷಾರ ಅಂತ ಅರಿಶಿನ ಹೇಳುವುದಿಲ್ಲ. ಇದೆಯೋ ಇಲ್ಲವೋ ಅಂತ ಹೇಳುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ.

ಆ ಅಂಟನ್ನು ತೆಗೆಯುವುದು ದೊಡ್ಡ ಕಷ್ಟ. ಉಪ್ಪುಕಾಗದ ಒಂದೇ ಎಳೆತಕ್ಕೆ ಮುಚ್ಚಿಹೋಗುತ್ತದೆ. ಟರ್ಪೆಂಟೈನ್ ಹಚ್ಚಿದರೆ ಅಂಟು ಅತ್ತಿತ್ತ ಹರಡುತ್ತದೆ ಅಷ್ಟೇ. ಕೆಲಸಕ್ಕೆ ಬಂದದ್ದು ಬಿಸಿನೀರು! ಸಾಬೂನಲ್ಲವೇ? ಬಿಸಿ ಬಟ್ಟೆ ಒತ್ತಿ ಹಿಡಿದು, ಪುಟ್ಟಿ ಬ್ಲೇಡ್‌ನಲ್ಲಿ ಹೆರೆದು, ಬ್ಲೇಡ್ ಒರೆಸಿ, ಮತ್ತೆ ಹೆರೆದೆ. ಕೈಗವಸು ಕಡ್ಡಾಯ. ಕೆಲವರು ವಿನೆಗರ್ ಅಥವಾ ಆ್ಯಸಿಡ್ ಹಚ್ಚಿ ಕ್ಷಾರ ಕಳೆಯಿರಿ ಅಂತಾರೆ. ನಾನು ಒಪ್ಪುವುದಿಲ್ಲ. ಅದು ಮೇಲ್ಮೈಗೆ ಮಾತ್ರ. ಒಳಗಿನ ಸುಣ್ಣ ಮತ್ತೆ ಮೇಲೆ ಬರುತ್ತದೆ, ಜೊತೆಗೆ ಹೊಸ ಉಪ್ಪು ಬೇರೆ ಉಳಿಯುತ್ತದೆ.

ಆಮೇಲೆ ಬರೀ ಕಾಯುವುದು. ಎಕ್ಸಾಸ್ಟ್ ಫ್ಯಾನ್ ಓಡಿಸಿದೆ, ಸ್ನಾನ ಇನ್ನೊಂದು ಬಚ್ಚಲಿಗೆ ಹೋಯಿತು. ಮಳೆ ನಿಂತು ಚಳಿಗಾಲದ ಒಣಗಾಳಿ ಬಂದಮೇಲೆ ಕಾಗದದ ಕೆಂಪು ಕಡಿಮೆಯಾಗುತ್ತಾ ಬಂತು. ಪೂರ್ತಿ ಹಳದಿ ಆಗುವವರೆಗೆ ಕಾಯಬೇಕಿಲ್ಲ. ಕ್ಷಾರ ತಡೆಯುವ ಅಕ್ರಿಲಿಕ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟ್) ಇರುವುದೇ ಅದಕ್ಕೆ. ಅಕ್ರಿಲಿಕ್ ಅಣುವಿನ ಮುಖ್ಯ ಸರಪಳಿ ಕ್ಷಾರಕ್ಕೆ ಆಲ್ಕಿಡ್‌ನ ಹಾಗೆ ಮುರಿಯುವುದಿಲ್ಲ. ಆದರೆ ಅಂಗಡಿಯಲ್ಲಿ ಒಂದು ಲೀಟರ್ ಕೇಳಿದರೆ ಇಪ್ಪತ್ತು ಲೀಟರ್ ಬಕೆಟ್ ತೋರಿಸುತ್ತಾರೆ. ಇನ್ನೊಂದು ಕಡೆ ‘ಸಿಮೆಂಟ್ ಪ್ರೈಮರ್’ ಅಂತ ಕೊಟ್ಟರು. ಡಬ್ಬಿ ತಿರುಗಿಸಿ ಓದಿದರೆ ಟರ್ಪೆಂಟೈನಲ್ಲಿ ಕಲಸುವಂಥದ್ದು. ಮತ್ತೆ ಅದೇ ಎಣ್ಣೆ! ನೀರಿನಲ್ಲಿ ಕಲಸುವಂಥದ್ದೇ ಬೇಕು ಅಂತ ಡಬ್ಬಿ ಓದಿಯೇ ದುಡ್ಡು ಕೊಡಿ.

ಈ ಕ್ಷಾರದ ಓದು ನನ್ನನ್ನು ವರಾಂಡದ ಕೆಂಪು ನೆಲಕ್ಕೆ ಕರೆದುಕೊಂಡು ಹೋಗಿದೆ. ರೆಡ್ ಆಕ್ಸೈಡ್ ನೆಲದ ಕೆಂಪು ಕಬ್ಬಿಣದ ಆಕ್ಸೈಡ್. ಸಿಮೆಂಟಿನ ಕ್ಷಾರ ಅದಕ್ಕೆ ಏನೂ ಮಾಡುವುದಿಲ್ಲ. ಅದಕ್ಕೇ ಹಳೇ ಬೆಂಗಳೂರಿನ ಮನೆಗಳಲ್ಲಿ ಆ ಬಣ್ಣ ಇವತ್ತಿಗೂ ಉಳಿದಿದೆ. ಸುಣ್ಣಕ್ಕೆ ಹಾಕುವ ಬಟ್ಟೆ ನೀಲಿ, ಅಂದರೆ ಅಲ್ಟ್ರಾಮರೀನ್, ಅದೂ ಕ್ಷಾರಕ್ಕೆ ಹೆದರುವುದಿಲ್ಲ. ಪ್ರಶ್ಯನ್ ನೀಲಿ ಹಾಕಿದರೆ ಕೆಟ್ಟು ಕಂದಾಗುತ್ತದೆ. ನಮ್ಮ ವರಾಂಡ ನೆಲ ಎರಡು ಕಡೆ ಬಿರುಕು ಬಿಟ್ಟಿದೆ. ಅದನ್ನು ಕೀಳಿಸಿ ಟೈಲ್ಸ್ ಹಾಕಿಸಲು ನನಗೆ ಮನಸ್ಸಿಲ್ಲ. ರೆಡ್ ಆಕ್ಸೈಡ್ ಉಜ್ಜಿ ಹೊಳಪು ತರಿಸಲು ಬರುವ ಗಾರೆ ಮೇಸ್ತ್ರಿ ದಕ್ಷಿಣ ಬೆಂಗಳೂರಿನ ಕಡೆ ಯಾರಾದರೂ ಗೊತ್ತಿದ್ದರೆ ಹೇಳಿ, ದೊಡ್ಡ ಉಪಕಾರ.

ಬಚ್ಚಲಿಗೆ ಬರೋಣ. ಪ್ರೈಮರ್ ಮೇಲೆ ಅಕ್ರಿಲಿಕ್ ಎಮಲ್ಶನ್ ಮೊದಲ ಕೋಟ್ ಆಗಿದೆ. ತಿಳಿ ಹಸಿರು. ಪಟ್ಟಿ ಎಲ್ಲಿತ್ತು ಅಂತ ಕೈಯಾಡಿಸಿದರೂ ಗೊತ್ತಾಗುವುದಿಲ್ಲ, ತುಂಬಾ ಖುಷಿಯಾಗಿದೆ. ಎರಡನೇ ಕೋಟ್ ಭಾನುವಾರ. ಮನೆಯಲ್ಲಿ ಉಳಿದಿರುವ ಎನಾಮಲ್ ಡಬ್ಬಿ ಕಿಟಕಿ ಗ್ರಿಲ್‌ಗೆ, ಅದು ಮಾಮೂಲಿ ಕಬ್ಬಿಣ, ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಚೆನ್ನಾಗಿ ನಿಲ್ಲುತ್ತದೆ. ವೆಂಟಿಲೇಟರ್ ಮೇಲಿನ ಜಿಐ ಶೀಟ್‌ಗೆ (ಸತು ಲೇಪಿಸಿದ ಕಬ್ಬಿಣದ ತಗಡು) ಮಾತ್ರ ಅದನ್ನು ಮುಟ್ಟಿಸಲ್ಲ. ಸತುವಿನ ಮೇಲೂ ಎನಾಮಲ್ ಹೀಗೇ ಸಾಬೂನಾಗಿ ಎದ್ದು ಬರುತ್ತದೆ. ಅದಕ್ಕೆ ಜಿಐಗೆ ಅಂತಲೇ ಇರುವ ಪ್ರೈಮರ್ ಹುಡುಕುತ್ತಿದ್ದೇನೆ, ಈ ಸಲವಾದರೂ ಚಿಕ್ಕ ಡಬ್ಬಿಯಲ್ಲಿ.