ಕಟಾವಿ ಸಫಾರಿಗೆ ಗಾಡಿ ಹೊರಡಿಸುವ ಮೊದಲು

ಸೆರೆಂಗೆಟಿಯಲ್ಲಿ ಗಾಡಿ ಕೆಟ್ಟು ನಿಂತರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಗಾಡಿ ಬರುತ್ತದೆ. ತಾಂಜಾನಿಯಾದ ಪಶ್ಚಿಮ ಭಾಗದಲ್ಲಿರುವ ಕಟಾವಿ ರಾಷ್ಟ್ರೀಯ ಉದ್ಯಾನದಲ್ಲಿ ಆ ಭರವಸೆ ಬೇಡ. ಸುಮಾರು 4,471 ಚದರ ಕಿ.ಮೀ. ಕಾಡಿನಲ್ಲಿ ದಿನವಿಡೀ ಸುತ್ತಿದರೂ ಬೇರೆ ಪ್ರವಾಸಿಗರು ಕಾಣದಿರುವುದು ಮಾಮೂಲು. ಹಾಗಾಗಿ ಸಫಾರಿ ಏರ್ಪಡಿಸುವ ನಮ್ಮ ಕೆಲಸದಲ್ಲಿ ಕಟಾವಿ ಎಂದೊಡನೆ ಮೊದಲು ಹಾಕುವುದು ಡೀಸೆಲ್ ಲೆಕ್ಕ.

ನೆಚ್ಚಬಹುದಾದ ಕೊನೆಯ ಬಂಕುಗಳಿರುವುದು ಎಂಪಾಂಡಾ ಪಟ್ಟಣದಲ್ಲಿ. ಅಲ್ಲಿಂದ ಸಿತಾಲಿಕೆ ಗೇಟಿಗೆ ಸುಮಾರು 35 ಕಿ.ಮೀ. ಒಳಗೆ ನಾಲ್ಕು ದಿನ, ದಿನಕ್ಕೆ 100 ಕಿ.ಮೀ. ಎಂದರೆ ಹೋಗಿಬರುವುದೂ ಸೇರಿ 470. ಟಾರು ರಸ್ತೆಯ ಮೈಲೇಜ್ ಮರೆತುಬಿಡಿ. ಸಣ್ಣ ಗೇರಿನಲ್ಲೇ ತೆವಳುವ ಲ್ಯಾಂಡ್ ಕ್ರೂಸರಿಗೆ ಲೀಟರಿಗೆ 5 ಕಿ.ಮೀ. ಹಿಡಿಯಿರಿ. 94 ಲೀಟರ್ ಆಯಿತು. ಆಪತ್ತಿಗೆಂದು ಅದರ ಮೂರನೇ ಒಂದು ಪಾಲು ಸೇರಿಸಿದರೆ 125. ಟ್ಯಾಂಕ್ 90 ಲೀಟರಿನದಾದರೆ 20 ಲೀಟರಿನ ಎರಡು ಕ್ಯಾನ್ ಜೊತೆಗಿರಲಿ. ಡ್ರಮ್ಮಿನ ಡೀಸೆಲ್ಲನ್ನು ಜಾಲರಿಯ ಆಲಿಕೆಯಲ್ಲೇ ಸುರಿಯಿರಿ, ಒಂದು ಡೀಸೆಲ್ ಫಿಲ್ಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಸ್ಟೆಪ್ನಿ ಎರಡು ಬೇಕೇ ಬೇಕು.

ಮಳೆ ನಿಂತ ಹೊಸದರಲ್ಲಿ, ಮೇ-ಜೂನ್ ಹೊತ್ತಿಗೆ, ಹುಲ್ಲು ಬಾನೆಟ್ಟಿನೆತ್ತರ ಇರುತ್ತದೆ. ಅದರ ಬೀಜ ರೇಡಿಯೇಟರಿನ ಸಂದಿಗೆ ತುಂಬಿ ಇಂಜಿನ್ ಕಾಯುತ್ತದೆ. ಮುಂದುಗಡೆ ಸೊಳ್ಳೆಪರದೆಯಂಥ ಬಲೆ ಕಟ್ಟಿದರೆ ಸಾಕು. ಇದಕ್ಕಿಂತ ದೊಡ್ಡ ಅಪಾಯ ಗಾಡಿಯಡಿ: ಸೈಲೆನ್ಸರ್ ಮೇಲೆ ಸಿಕ್ಕಿಕೊಂಡ ಒಣಹುಲ್ಲು ಹೊತ್ತಿಕೊಂಡರೆ ಇಡೀ ಗಾಡಿಯೇ ಹೋಗುತ್ತದೆ. ಹುಲ್ಲಿನಲ್ಲಿ ಓಡಿಸಿದಾಗಲೆಲ್ಲ ಬಯಲು ಜಾಗ ನೋಡಿ ನಿಲ್ಲಿಸಿ, ಬಗ್ಗಿ ನೋಡಿ, ತಂತಿಯ ಕೊಕ್ಕೆಯಿಂದ ಎಳೆದು ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರನ ಕೈಗೆ ಸಿಗುವಂತಿರಲಿ, ಲಗೇಜಿನಡಿ ಅಲ್ಲ.

ನವೆಂಬರಿನಲ್ಲಿ ಮಳೆ ಹಿಡಿದರೆ ಬಯಲೆಲ್ಲ ನಮ್ಮ ಗದಗ-ವಿಜಯಪುರದ ಎರೆಹೊಲದಂತೆಯೇ. ಟೈರಿನ ಹಲ್ಲು ಮುಚ್ಚಿಹೋಗುತ್ತದೆ, ಜ್ಯಾಕ್ ಕೆಸರಿನಲ್ಲಿ ಇಳಿಯುತ್ತದೆ. ಜ್ಯಾಕಿನಡಿಗೆ ದಪ್ಪ ಹಲಗೆ ಬೇಕು. ಆದರೂ ಆ ಮಳೆ ತಿಂಗಳುಗಳಲ್ಲಿ ಹೋಗದಿರುವುದೇ ಸರಿ.

ನೋಡಬೇಕಾದ ಕಾಲ ಸೆಪ್ಟೆಂಬರ್-ಅಕ್ಟೋಬರ್. ಕಟುಮಾ ನದಿ ಬತ್ತಿ, ಉಳಿದ ಗುಂಡಿಗಳಲ್ಲಿ ನೂರಾರು ನೀರಾನೆಗಳು ಮೈಗೆ ಮೈ ಒತ್ತಿ ನಿಲ್ಲುತ್ತವೆ. ಮೊಸಳೆಗಳು ದಡದ ಮಣ್ಣಿನ ಗವಿಗಳಲ್ಲಿ ಸೇರಿಕೊಳ್ಳುತ್ತವೆ. ಆಫ್ರಿಕಾದಲ್ಲಿ ಇಂಥ ನೋಟ ಅಪರೂಪ. ಬರಿದಾಗಿ ಕಾಣುವ ದಡದ ಅಂಚಿಗೆ ಫೋಟೊಗೆಂದು ಯಾರನ್ನೂ ಇಳಿಸಬೇಡಿ. ನೀರಿಗೂ ನೀರಾನೆಗೂ ನಡುವೆ ನಿಲ್ಲುವುದಂತೂ ಸಾವಿಗೆ ದಾರಿ.

ಪ್ರವಾಸಿಗರನ್ನು ಹೆಚ್ಚು ಗೋಳಾಡಿಸುವುದು ತ್ಸೆತ್ಸೆ ನೊಣ. ಮಿಯೊಂಬೊ ಎಂಬ ಎಲೆಯುದುರುವ ಒಣ ಕಾಡಿನುದ್ದಕ್ಕೂ ಓಡುವ ಗಾಡಿಯ ಬೆನ್ನು ಹತ್ತುತ್ತದೆ, ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಸೊಳ್ಳೆ ಮುಲಾಮಿಗೆ ಅಷ್ಟಾಗಿ ಜಗ್ಗದು. ನೀಲಿ, ಕಪ್ಪು ಬಣ್ಣ ಅದನ್ನು ಸೆಳೆಯುವುದರಿಂದ ಜೀನ್ಸ್ ಬೇಡ. ದಪ್ಪನೆಯ ಖಾಕಿ ಹಾಕಿಸಿ. ಅಲ್ಲಿನ ಗೈಡುಗಳು ಡಬ್ಬಿಯಲ್ಲಿ ಒಣ ಆನೆಲದ್ದಿ ಸುಟ್ಟು ಹೊಗೆ ಹಾಕುತ್ತಾರೆ, ಅದು ಕೆಲಸ ಮಾಡುತ್ತದೆ.

ಈ ನೊಣ ನಿದ್ರಾರೋಗ ಹರಡಬಲ್ಲದು. ಪ್ರವಾಸಿಗರಿಗೆ ತಗಲುವುದು ವಿರಳ, ಆದರೆ ತಗಲಿದರೆ ಬೇಗ ಉಲ್ಬಣಿಸುತ್ತದೆ. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರೆ, ಕಚ್ಚಿದ ಜಾಗ ಬಾತು ಹುಣ್ಣಾದರೆ, ಮಲೇರಿಯಾದ ಜೊತೆಗೆ ಇದನ್ನೂ ರಕ್ತದಲ್ಲಿ ನೋಡಿ ಎಂದು ವೈದ್ಯರಿಗೆ ಪ್ರವಾಸಿಗರೇ ಹೇಳಬೇಕು. ಈ ಮಾತನ್ನು ಬರೆದ ಚೀಟಿಯನ್ನು ಪ್ರತಿಯೊಬ್ಬರ ಟಿಕೆಟ್ ಜೊತೆ ಕೊಡಿ.