ಬಿಂದಿಗೆಯೊಳಗೆ ಇಣುಕಿದವಳು

ಬೆಳಿಗ್ಗೆ ಕಾವೇರಿ ನೀರು ಬಿಟ್ಟಿದ್ದರು. ಬಿಂದಿಗೆ ತುಂಬುತ್ತಿದ್ದಾಗ ಅಕ್ಕನ ಮಗಳು ಬಗ್ಗಿ ನೋಡಿದಳು.

"ಮಾಮ, ಕಾವೇರಿಯ ಮೀನು ಇದರಲ್ಲಿ ಬರುವುದಿಲ್ಲವೇ?"

ಗೂನುಬೆನ್ನಿನ ಮಹಶೀರ್ ನೆನಪಾಯಿತು. ಕಿತ್ತಳೆ ಬಣ್ಣದ ರೆಕ್ಕೆ, 50 ಕಿಲೋ ದಾಟಿ ಬೆಳೆಯಬಲ್ಲ ಮೈ. ಕಾವೇರಿ, ಅದರ ಉಪನದಿಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಕಾರಣಗಳು ಅಣೆಕಟ್ಟು, ಮರಳುಗಣಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು.

ಆದರೆ ನನಗೆ ಹೆಚ್ಚು ಸಂಕಟ ಕೊಡುವುದು ಬೇರೆ. ನದಿಗೆ ಒಳ್ಳೆಯದಾಗಲೆಂದೇ ತಂದು ಬಿಟ್ಟ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಇದರ ಜಾಗ ಹಿಡಿದುಬಿಟ್ಟಿದೆ. ಮಹಶೀರ್ ಉಳಿಯಿತು ಎಂದು ನಾವು ಸಮಾಧಾನಪಟ್ಟುಕೊಂಡಾಗ ಕಾವೇರಿಯದೇ ಆದದ್ದು ಕಡಿಮೆಯಾಗುತ್ತಿತ್ತು.

ಅವಳು ಇನ್ನೂ ಬಿಂದಿಗೆಯೊಳಗೇ ನೋಡುತ್ತಿದ್ದಳು.

ನಲ್ಲಿಯನ್ನು ಸ್ವಲ್ಪ ಸಣ್ಣ ಮಾಡಿದೆ.